ಯಾವ ಟೇಲರ್?

ಕೆಲವು ವರ್ಷಗಳ ಹಿಂದೆ ಪಿಎಚ್.ಡಿ. ಮಹಾಪ್ರಬಂಧವೊಂದು ಮೌಲ್ಯಮಾಪನಕ್ಕಾಗಿ ನನ್ನ ಬಳಿಗೆ ಬಂದಿತ್ತು. ಹೈದರಾಬಾದ್ ಕರ್ನಾಟಕದ ಒಂದು ಭಾಗದ ಸ್ಥಳನಾಮಗಳನ್ನೂ ಜನಪದ ಐತಿಹ್ಯಗಳನ್ನೂ ಕುರಿತ ಪ್ರಬಂಧವದು. ಕ್ಷೇತ್ರಕಾರ್ಯ ಅಚ್ಚುಕಟ್ಟಾಗಿತ್ತು, ಸಂಗ್ರಹಿಸಿದ ಸಾಮಗ್ರಿ ಹೊಸದಾಗಿತ್ತು. ಆದರೆ ಅಡಿಟಿಪ್ಪಣಿಗಳನ್ನು ನೋಡುತ್ತ ಹೋದಂತೆ ಒಂದು ಹೆಸರು ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿತು. ಸುರಪುರ ಸಂಸ್ಥಾನದ ಆಡಳಿತವನ್ನು ವಿವರಿಸುವಲ್ಲಿ 'ಟೇಲರ್ ಹೇಳುವಂತೆ' ಎಂದಿತ್ತು. ಊರ ಹೆಸರುಗಳು ಇತಿಹಾಸಕ್ಕೆ ಸಾಕ್ಷಿ ನುಡಿಯುತ್ತವೆ ಎನ್ನುವಲ್ಲಿಯೂ 'ಟೇಲರ್ ಹೇಳುವಂತೆ'. ಗಾದೆಯ ಲಕ್ಷಣವನ್ನು ಚರ್ಚಿಸುವಲ್ಲಿಯೂ 'ಟೇಲರ್ ಹೇಳುವಂತೆ'. ಪ್ರಬಂಧದ ಕೊನೆಯ ಗ್ರಂಥಸೂಚಿಯಲ್ಲಿ ಈ ಎಲ್ಲ ಕೃತಿಗಳೂ ಒಬ್ಬನೇ ಟೇಲರನ ಹೆಸರಿನ ಕೆಳಗೆ ಸಾಲಾಗಿ ನಿಂತಿದ್ದವು. ಆ ಸೂಚಿಯನ್ನು ನಂಬುವುದಾದರೆ, ಈ ಮಹಾನುಭಾವನು ಸುರಪುರವನ್ನು ನೋಡಿಕೊಂಡು, 1864ರಲ್ಲಿ ಸ್ಥಳನಾಮಶಾಸ್ತ್ರವನ್ನು ಬರೆದು, 1876ರಲ್ಲಿ ತೀರಿಕೊಂಡು, ಅನಂತರ 1931ರಲ್ಲಿ ಗಾದೆಗಳ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದ್ದನು!

ಮೌಖಿಕ ಪರೀಕ್ಷೆಯ ದಿನ ಅಭ್ಯರ್ಥಿಯನ್ನು ಕೇಳಿದೆ: "ಇವರು ಯಾವ ಟೇಲರ್?" ಆತ ಸ್ವಲ್ಪ ಹೊತ್ತು ಯೋಚಿಸಿ, "ಇಂಗ್ಲಿಷ್ ಟೇಲರ್, ಸರ್" ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಹಿಂದಿರುಗುವಾಗ ಆ ನಗೆ ಉಳಿದಿರಲಿಲ್ಲ. ಆ ಹುಡುಗ ಹಾಗೆ ಬರೆಯುವುದನ್ನು ಕಲಿತದ್ದು ನಮ್ಮಿಂದಲೇ, ನಮ್ಮ ಪಾಠಗಳಿಂದ, ನಮ್ಮ ಪಠ್ಯಗಳಿಂದ, ನಮ್ಮ ಮುನ್ನುಡಿಗಳಿಂದ. ವಿಭಾಗದ ಈ ನೆನಪಿನ ಸಂಪುಟಕ್ಕೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಕೇಳಿದಾಗ, ಮೇಲ್ನೋಟಕ್ಕೆ ಚಿಕ್ಕದೆಂದು ತೋರುವ ಈ ವಿಷಯವನ್ನೇ ಎತ್ತಿಕೊಳ್ಳುವುದು ಲೇಸೆನಿಸಿತು.

ಟೇಲರ್ ಎಂಬುದು ಇಂಗ್ಲೆಂಡಿನಲ್ಲಿ ಬಹು ಸಾಮಾನ್ಯವಾದ ಮನೆತನದ ಹೆಸರು. ಬಟ್ಟೆ ಹೊಲಿಯುವ ಕಸುಬಿನಿಂದ ಹುಟ್ಟಿ, ಕಸುಬು ಬಿಟ್ಟುಹೋದ ಮೇಲೂ ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡು ಬಂದ ಹೆಸರದು. ನಮ್ಮ ಭಾಗದಲ್ಲಿ ಇದಕ್ಕೆ ಸರಿಯಾದ ಮಾತೂ ಇದೆ, ಸರಿಯಾದ ಅಡ್ಡಹೆಸರೂ ಇದೆ: ಸಿಂಪಿ. ಹಲಸಂಗಿ ಗೆಳೆಯರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರ ಹೆಸರು ಜಾನಪದದ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಹಾಗೆಯೇ ಇಂಗ್ಲಿಷರ ಸ್ಮಿತ್ ಎಂದರೆ ನಮ್ಮ ಕಂಬಾರ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಪತ್ತಾರ, ಕುಂಬಾರ ಎಂಬ ಅಡ್ಡಹೆಸರಿನವರು ಊರೂರಿಗೂ ಸಿಗುತ್ತಾರೆ. ಊರಿನಲ್ಲಿ ಯಾರಾದರೂ 'ಬಡಿಗೇರರು ಹೇಳಿದರು' ಎಂದರೆ, ಕೇಳುವವರ ಮೊದಲ ಪ್ರಶ್ನೆ 'ಯಾವ ಬಡಿಗೇರರು?' ಎಂಬುದೇ. ಸಂತೆಯಲ್ಲಿ ಸಹಜವಾಗಿ ಹುಟ್ಟುವ ಈ ಪ್ರಶ್ನೆ ಸಂಶೋಧನೆಯಲ್ಲಿ ಹುಟ್ಟದಿರುವುದು ವಿಚಿತ್ರವಲ್ಲವೆ?

ಕನ್ನಡ ವಿದ್ಯಾರ್ಥಿಯ ಓದಿನ ವ್ಯಾಪ್ತಿಯೊಳಗೇ ಎಷ್ಟು ಮಂದಿ ಟೇಲರರು ಬರುತ್ತಾರೆ ಎಂಬುದನ್ನು ಎಣಿಸಿ ನೋಡೋಣ.

ಮೊದಲನೆಯವರು ನಮ್ಮ ಹೈದರಾಬಾದಿಗೆ ಸೇರಿದ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮರ ಸೈನ್ಯವನ್ನು ಸೇರಿದವರು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ಮದುವೆಯಾದವರು. ಠಕ್ಕರ ಬದುಕನ್ನು ಕುರಿತ ಇವರ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರದಲ್ಲಿದ್ದು, ಎಳೆಯ ಅರಸನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡರು. ಅಲ್ಲಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈ ಟೇಲರರ ನೆನಪು. ಸುರಪುರದ ಸುತ್ತಲಿನ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿ, ಅಳೆದು, ವರದಿ ಬರೆದವರೂ ಇವರೇ. ನಮ್ಮ ಭಾಗದ ಪ್ರಾಗಿತಿಹಾಸದ ಅಧ್ಯಯನಕ್ಕೆ ಆ ವರದಿಗಳು ಮೊದಲ ಮೆಟ್ಟಿಲುಗಳಾದವು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ಸಂಪುಟವೊಂದು 1866ರಲ್ಲಿ ಹೊರಬಂದಾಗ ಅದಕ್ಕೆ ಚಾರಿತ್ರಿಕ ನಿರೂಪಣೆಯನ್ನು ಬರೆದುಕೊಟ್ಟವರೂ ಇವರೇ.

ಎರಡನೆಯವರು ಮದರಾಸಿನ ವಿಲಿಯಂ ಟೇಲರ್. ಹಸ್ತಪ್ರತಿಶಾಸ್ತ್ರವನ್ನು ಓದುವವರಿಗೆ ಇವರು ಅನಿವಾರ್ಯ. ಮೆಕೆಂಜಿ ಸಂಗ್ರಹವೂ ಸೇರಿದಂತೆ ಮದರಾಸಿನಲ್ಲಿದ್ದ ಪ್ರಾಚ್ಯ ಹಸ್ತಪ್ರತಿಗಳಿಗೆ ಇವರು ಸಿದ್ಧಪಡಿಸಿದ ವಿವರಣಾತ್ಮಕ ಸೂಚಿ 1857ರಿಂದ 1862ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಕನ್ನಡದ ಓಲೆಗಳು, ಕಡತಗಳು, ಕೈಫಿಯತ್ತುಗಳು ಅದರಲ್ಲಿ ಸೇರಿವೆ. ಕಾಲದಲ್ಲಿ ಇವರು ಸುರಪುರದ ಟೇಲರರಿಗೆ ಸಮೀಪದವರು. ಆದ್ದರಿಂದಲೇ ಗೊಂದಲಕ್ಕೆ ಅವಕಾಶ ಹೆಚ್ಚು.

ಮೂರನೆಯವರು ಐಸಾಕ್ ಟೇಲರ್. 1864ರಲ್ಲಿ ಪ್ರಕಟವಾದ, ಪದಗಳನ್ನೂ ಸ್ಥಳಗಳನ್ನೂ ಕುರಿತ ಇವರ ಗ್ರಂಥ ಸ್ಥಳನಾಮಾಧ್ಯಯನದ ಆರಂಭದ ಕೃತಿಗಳಲ್ಲೊಂದು. 1883ರಲ್ಲಿ ಲಿಪಿಗಳ ಉಗಮ ವಿಕಾಸಗಳನ್ನು ಕುರಿತೂ ಬರೆದರು. ನಾಲ್ಕನೆಯವರು ಆರ್ಚರ್ ಟೇಲರ್. ಇಪ್ಪತ್ತನೆಯ ಶತಮಾನದ ಜಾನಪದ ವಿದ್ವಾಂಸರು. ಗಾದೆಯನ್ನು ಕುರಿತ 1931ರ ಗ್ರಂಥವೂ ಒಗಟುಗಳನ್ನು ಕುರಿತ 1951ರ ಗ್ರಂಥವೂ ಇವರವು. ಇವರು ಅಮೆರಿಕದವರು, ನಮ್ಮ ಅಭ್ಯರ್ಥಿಯ 'ಇಂಗ್ಲಿಷ್ ಟೇಲರ್' ಎಂಬ ಉತ್ತರ ಇಲ್ಲಿಯೂ ಜಾರಿತು. ಐದನೆಯವರು, ಆದಿಮ ಸಂಸ್ಕೃತಿಯನ್ನು ಕುರಿತ 1871ರ ಗ್ರಂಥದಿಂದ ಮಾನವಶಾಸ್ತ್ರದ ಮೂಲಪುರುಷರಲ್ಲಿ ಒಬ್ಬರೆನಿಸಿದ ಎಡ್ವರ್ಡ್ ಬರ್ನೆಟ್ ಟೈಲರ್. ಇವರ ಹೆಸರೇ ಬೇರೆ. ರೋಮನ್ ಲಿಪಿಯಲ್ಲಿ ಟೇಲರ್ ಎಂಬುದರಲ್ಲಿರುವ 'ಎ' ಅಕ್ಷರ ಇವರ ಹೆಸರಿನಲ್ಲಿ ಇಲ್ಲ. ಆದರೆ ಕನ್ನಡಕ್ಕೆ ಬರುವಾಗ ಇವರು ಒಂದು ಪುಟದಲ್ಲಿ ಟೈಲರ್, ಇನ್ನೊಂದು ಪುಟದಲ್ಲಿ ಟೇಲರ್ ಆಗಿಬಿಡುತ್ತಾರೆ. ಮೂಲದಲ್ಲಿ ಇರುವ ವ್ಯತ್ಯಾಸವನ್ನೂ ನಾವು ಅಳಿಸಿಹಾಕುತ್ತೇವೆ.

ಇಷ್ಟು ಸಾಲದೆಂಬಂತೆ ಬಳ್ಳಾರಿಯಲ್ಲಿ ಹುಟ್ಟಿದ ಟೇಲರರೂ ಒಬ್ಬರಿದ್ದಾರೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಹೋಗಿ ನೆಲೆಸಿದವರು. ಅವರ ಮಗ ಜೋಸೆಫ್ ವಾನ್ ಸೊಮೆರೆನ್ ಟೇಲರ್ 1820ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿ, ಗುಜರಾತಕ್ಕೆ ಹೋಗಿ, 1867ರಲ್ಲಿ ಗುಜರಾತಿ ಭಾಷೆಗೆ ವ್ಯಾಕರಣವನ್ನು ಬರೆದರು. ಕನ್ನಡ ನಾಡಿನಲ್ಲಿ ಕಣ್ಣು ಬಿಟ್ಟವರು ಗುಜರಾತಿಗರ ವೈಯಾಕರಣರಾದರು. 'ಟೇಲರ್' ಎಂದಷ್ಟೇ ಬರೆದರೆ ಈ ಸೊಗಸಾದ ಸಂಗತಿ ಎಲ್ಲಿ ಉಳಿದೀತು?

ಟೇಲರರ ಮಾತು ಹಾಗಿರಲಿ. ಶಾಸನ, ಸಾಹಿತ್ಯ ಚರಿತ್ರೆಗಳ ಕಡೆಗೆ ತಿರುಗಿದರೆ ಅಲ್ಲಿಯೂ ಇದೇ ಕಥೆ. ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಎಂ.ಎ. ಓದುತ್ತಿದ್ದಾಗ ಬರೆದ ಸಂಪ್ರಬಂಧವೊಂದರಲ್ಲಿ, ಸಾವಿರಾರು ಶಾಸನಗಳನ್ನು ಸಂಪಾದಿಸಿದ ರೈಸ್ ಅವರೇ ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಬರೆದರೆಂದು ಭಾವಿಸಿ, ಆ ಚರಿತ್ರೆಯ ಅಭಿಪ್ರಾಯಕ್ಕೆ ಶಾಸನಗಳ ಬೆಂಬಲವಿದೆ ಎಂದು ವಾದಿಸಿದ್ದೆ. ನನ್ನ ಗುರುಗಳು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದದ್ದು ಮೂರೇ ಮಾತು: 'ಅಣ್ಣನೋ? ತಮ್ಮನೋ? ನೋಡಿ.' ನೋಡಿದೆ. ತಂದೆ ಬೆಂಜಮಿನ್ ಹೋಲ್ಟ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದ ಮಿಷನರಿ. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇವರ ಹೆಸರಿನದು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ಮಗ ಬೆಂಜಮಿನ್ ಲೂಯಿ ರೈಸ್. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರತಂದವರು, ಒಂಬತ್ತು ಸಾವಿರದಷ್ಟು ಶಾಸನಗಳನ್ನು ಬೆಳಕಿಗೆ ತಂದವರು ಇವರು. 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಇವರ ತಮ್ಮ ಎಡ್ವರ್ಡ್ ಪೀಟರ್ ರೈಸ್. ಅಣ್ಣ ಸರ್ಕಾರದ ಅಧಿಕಾರಿ, ತಮ್ಮ ಮಿಷನರಿ. ಇಬ್ಬರ ಉದ್ದೇಶ, ಓದುಗರು, ಪ್ರಮಾಣಗಳ ಬಗೆಗಿನ ದೃಷ್ಟಿ ಬೇರೆ ಬೇರೆ. ಇಬ್ಬರನ್ನೂ ಒಂದುಗೂಡಿಸಿ ನಾನು ಕಟ್ಟಿದ ವಾದ ಆ ಮೂರು ಮಾತುಗಳ ಮುಂದೆ ಕುಸಿದುಬಿತ್ತು. ಹೆಸರಿನ ಗೊಂದಲ ಅಡಿಟಿಪ್ಪಣಿಯಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ, ತೀರ್ಮಾನದವರೆಗೂ ಏರುತ್ತದೆ ಎಂಬುದನ್ನು ಅಂದು ಕಲಿತೆ.

ಒಂದೇ ಹೆಸರಿನ ಹಲವರನ್ನು ಬೇರ್ಪಡಿಸುವ ಕೆಲಸ ಕನ್ನಡ ವಿದ್ವತ್ತಿಗೆ ಹೊಸದೇನಲ್ಲ. ನಮ್ಮ ಸಾಹಿತ್ಯ ಚರಿತ್ರೆ ಕಟ್ಟಿ ನಿಂತಿರುವುದೇ ಈ ಕೆಲಸದ ಮೇಲೆ. ಛಂದೋಂಬುಧಿಯನ್ನೂ ಕರ್ಣಾಟಕ ಕಾದಂಬರಿಯನ್ನೂ ರಚಿಸಿದ ನಾಗವರ್ಮನೇ ಬೇರೆ, ಕಾವ್ಯಾವಲೋಕನವನ್ನೂ ಕರ್ಣಾಟಕ ಭಾಷಾಭೂಷಣವನ್ನೂ ರಚಿಸಿದ ನಾಗವರ್ಮನೇ ಬೇರೆ ಎಂದು ನಿರ್ಣಯಿಸಲು ನಮ್ಮ ಹಿರಿಯರು ಎಷ್ಟು ಶ್ರಮಪಟ್ಟರು! ಎರಡನೆಯ ನಾಗವರ್ಮನು ಜಗದೇಕಮಲ್ಲನ ಆಶ್ರಯದಲ್ಲಿದ್ದನೆಂದು ತಿಳಿದ ಮೇಲೂ ಸಮಸ್ಯೆ ಮುಗಿಯಲಿಲ್ಲ. ಜಗದೇಕಮಲ್ಲನೆಂಬ ಬಿರುದು ಕಲ್ಯಾಣದ ಚಾಳುಕ್ಯರಲ್ಲಿ ಒಬ್ಬನಿಗಷ್ಟೇ ಸೀಮಿತವಾಗಿರಲಿಲ್ಲ. ಯಾವ ಜಗದೇಕಮಲ್ಲ ಎಂಬ ಪ್ರಶ್ನೆಯ ಮೇಲೆ ಕವಿಯ ಕಾಲ ಹನ್ನೊಂದನೆಯ ಶತಮಾನದ ನಡುವೆಯೋ ಹನ್ನೆರಡನೆಯದರ ನಡುವೆಯೋ ಎಂಬುದು ನಿಂತಿತು. ಒಂದು ಹೆಸರಿನ ಗೊಂದಲದಿಂದ ಒಂದು ಶತಮಾನವೇ ಅತ್ತಿತ್ತ ಸರಿಯಿತು.

ಇನ್ನೊಂದು ನಿದರ್ಶನ ಹಿಂದಿನ ಹೈದರಾಬಾದ್ ಸಂಸ್ಥಾನದ ನೆಲದಲ್ಲೇ ದೊರೆತದ್ದು. ಅಶೋಕನ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಮಾತುಗಳು. ದೇವಾನಾಂಪ್ರಿಯನೆಂಬ ಉಪಾಧಿ ಸಿಂಹಳದ ತಿಸ್ಸನಿಗೂ ಇತ್ತು. ಆದ್ದರಿಂದಲೇ ಜೇಮ್ಸ್ ಪ್ರಿನ್ಸೆಪ್ ಮೊದಲು ಈ ಶಾಸನಗಳು ಸಿಂಹಳದ ಅರಸನವಿರಬಹುದೆಂದು ಊಹಿಸಿದ್ದರು. ಸಿಂಹಳದ ಪಾಲಿ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನರ್ ಆ ಊಹೆಯನ್ನು ತಿದ್ದಿದರು. ಮುಂದೆ 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನೆಂಬ ವ್ಯಕ್ತಿನಾಮವೇ ಕಂಡಾಗ ಆ ಗುರುತು ಶಿಲೆಯ ಮೇಲೆಯೇ ಸ್ಥಿರವಾಯಿತು. ಉಪಾಧಿ ಹಲವರದು, ಹೆಸರು ಒಬ್ಬನದು. ಮಸ್ಕಿಯ ಬಂಡೆ ನಮಗೆ ಕಲಿಸುವ ಪಾಠ ಇದೇ.

ನಮ್ಮ ಭಾಷೆಯಂತೂ ಇದಕ್ಕೆಂದೇ ಮಾತುಗಳನ್ನು ಕಟ್ಟಿಕೊಂಡಿದೆ: ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ. ಮೆಡೋಸ್ ಟೇಲರರು ಯಾವ ಎಳೆಯ ಅರಸನ ಪರವಾಗಿ ಸುರಪುರವನ್ನು ನೋಡಿಕೊಂಡರೋ ಆತನನ್ನು ನಾಡು ನೆನೆಯುವುದು ನಾಲ್ವಡಿ ವೆಂಕಟಪ್ಪ ನಾಯಕನೆಂದು. 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು, ಸೆರೆ ಸಿಕ್ಕಿ, ಅದೇ ವರ್ಷ ಪ್ರಾಣ ಬಿಟ್ಟ ಈ ಅರಸನನ್ನು ಅದೇ ಹೆಸರಿನ ಪೂರ್ವಿಕರಿಂದ ಬೇರ್ಪಡಿಸಲು ನಾಡು 'ನಾಲ್ವಡಿ' ಎಂಬ ಒಂದು ಮಾತನ್ನು ಜೋಡಿಸಿತು. ಇಂಗ್ಲಿಷ್ ಬರವಣಿಗೆಯಲ್ಲಿ ಆತ ಬಹುಮಟ್ಟಿಗೆ 'ಶೋರಾಪುರದ ರಾಜ'. ನಮ್ಮ ಬರವಣಿಗೆಯಲ್ಲಿ ಆತನ ಪಾಲಕ ಬರಿಯ 'ಟೇಲರ್'. ಇಬ್ಬರಿಗೂ ಅನ್ಯಾಯವೇ. ಆ ಹುಡುಗನು ಟೇಲರರನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರರ ಆತ್ಮಕಥೆಯಿಂದ ತಿಳಿಯುತ್ತದೆ. ಆ ಸಂಬಂಧದಲ್ಲಿ ಅಕ್ಕರೆ ಎಷ್ಟು, ಅಧಿಕಾರ ಎಷ್ಟು ಎಂದು ತೂಗಿ ನೋಡುವುದು ಸಂಶೋಧಕನ ಕೆಲಸ. ಆ ಕೆಲಸ ಆರಂಭವಾಗಬೇಕಾದದ್ದು ಇಬ್ಬರನ್ನೂ ಅವರವರ ಹೆಸರಿನಿಂದ ಗುರುತಿಸುವುದರಲ್ಲಿ.

ಅಂದಹಾಗೆ, ಮೇಲೆ ಹೇಳಿದ ಸ್ಥಳನಾಮಗಳ ಐಸಾಕ್ ಟೇಲರರ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರೂ ಐಸಾಕ್ ಟೇಲರ್ ಎಂದೇ. ಅವರನ್ನು ಕನ್ನಡದ ಕ್ರಮದಲ್ಲಿ ನಾಲ್ವಡಿ ಐಸಾಕ್ ಟೇಲರ್ ಎಂದರೆ ತಪ್ಪಾಗಲಾರದು! ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳೆಲ್ಲರ ಬಾಯಲ್ಲಿರುವ ನಕ್ಷತ್ರದ ಶಿಶುಗೀತೆಯನ್ನು 1806ರಲ್ಲಿ ಪ್ರಕಟಿಸಿದ ಜೇನ್ ಟೇಲರ್ ಈ ಮನೆತನದವರೇ, ಇವರ ಸೋದರತ್ತೆ. ಗೀತೆ ಲೋಕಪ್ರಸಿದ್ಧವಾದರೂ ಬರೆದವಳ ಹೆಸರು ಬಹುಮಂದಿಗೆ ತಿಳಿಯದು. ಮೆಡೋಸ್ ಟೇಲರರ ಆತ್ಮಕಥೆಯನ್ನು ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಸಂಪಾದಿಸಿ ಹೊರತಂದವರು ಮಗಳು ಆಲಿಸ್. ನಾವು 'ಟೇಲರರ ಆತ್ಮಕಥೆ' ಎನ್ನುವಾಗ ಆ ಮಗಳ ಕೈಯ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಮನೆತನದ ಹೆಸರಿನ ನೆರಳಲ್ಲಿ ಮೊದಲು ಮರೆಯಾಗುವವರು ಹೆಣ್ಣುಮಕ್ಕಳು. ಅವರ ಹಿಂದೆಯೇ ಮರೆಯಾಗುವವರು ನಮ್ಮ ಪಂಡಿತರು. ವಿಲಿಯಂ ಟೇಲರ್ ವಿವರಿಸಿದ ಮೆಕೆಂಜಿ ಸಂಗ್ರಹದ ಹಿಂದೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ ಎಂಬ ತೆಲುಗು ಸೋದರರ ದುಡಿಮೆಯಿದೆ. ಲೂಯಿ ರೈಸರ ಕೊನೆಯ ವರ್ಷಗಳ ಕೆಲಸದ ಹಿಂದೆ ಆರ್. ನರಸಿಂಹಾಚಾರ್ಯರ ವಿದ್ವತ್ತಿದೆ. ಒಂದೇ ಶಬ್ದದಲ್ಲಿ ಉಲ್ಲೇಖವನ್ನು ಮುಗಿಸುವ ಅಭ್ಯಾಸಕ್ಕೆ ಇವರನ್ನೆಲ್ಲ ನೆನೆಯುವ ತಾಳ್ಮೆ ಇರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಅಂತರರಾಷ್ಟ್ರೀಯ ಪದ್ಧತಿಯೇ ಮನೆತನದ ಹೆಸರು ಮತ್ತು ವರ್ಷವನ್ನು ಕೊಡುವುದು. ನಾವು ಬೇರೆ ದಾರಿ ಹಿಡಿದರೆ ಹೊರಗಿನವರಿಗೆ ತಿಳಿಯುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಪದ್ಧತಿಯಲ್ಲಿಯೂ ಕೊನೆಯ ಸೂಚಿಯಲ್ಲಿ ವ್ಯಕ್ತಿನಾಮವೋ ಅದರ ಮೊದಲಕ್ಷರವೋ ಇರಲೇಬೇಕು. ಒಂದೇ ಹೆಸರಿನವರು ಇಬ್ಬರು ಬಂದರೆ ಬೇರ್ಪಡಿಸಲೇಬೇಕು. ನಾವು ಅವರ ಸಂಕ್ಷೇಪವನ್ನು ತೆಗೆದುಕೊಂಡೆವು, ಎಚ್ಚರವನ್ನು ಬಿಟ್ಟೆವು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಅಚ್ಚಿನಲ್ಲಿ ನಮ್ಮವರ ಹೆಸರುಗಳು ಸರಿಯಾಗಿ ಕೂರುವುದೇ ಇಲ್ಲ. ಆರ್. ನರಸಿಂಹಾಚಾರ್, ಎಸ್.ಜಿ. ನರಸಿಂಹಾಚಾರ್, ಡಿ.ಎಲ್. ನರಸಿಂಹಾಚಾರ್, ಪು.ತಿ. ನರಸಿಂಹಾಚಾರ್ ಈ ನಾಲ್ವರನ್ನು ಕನ್ನಡಿಗರು ಎಂದೂ ಕಲಸಿದವರಲ್ಲ; ಮೊದಲಕ್ಷರಗಳೇ ನಮಗೆ ಗುರುತು. ನಮ್ಮ ಉಸ್ಮಾನಿಯಾದಲ್ಲಿಯೇ ತೆಲುಗು ಪ್ರಾಧ್ಯಾಪಕರಾಗಿದ್ದ ಸಿಂಗಿರೆಡ್ಡಿ ನಾರಾಯಣ ರೆಡ್ಡಿಯವರನ್ನು ತೆಲುಗರು ಸಿನಾರೆ ಎನ್ನುತ್ತಾರೆ. ತೆಲುಗರಲ್ಲಿ ಮನೆತನದ ಹೆಸರು ಮೊದಲಿಗೆ ಬರುತ್ತದೆ. ಅವರನ್ನು 'ರೆಡ್ಡಿ' ಎಂಬಲ್ಲಿ ಹುಡುಕಿದರೆ ಜನಸಮುದ್ರದಲ್ಲಿ ಹುಡುಕಿದಂತೆಯೇ ಸರಿ. ಪರರ ಹೆಸರುಗಳ ರೀತಿಯನ್ನು ನಾವು ಅರಿಯದಿದ್ದರೆ, ನಮ್ಮ ಹೆಸರುಗಳ ರೀತಿಯನ್ನು ಅವರು ಅರಿಯಲಿ ಎಂದು ಕೇಳುವ ಅಧಿಕಾರವೂ ನಮಗೆ ಇರುವುದಿಲ್ಲ.

ಆದ್ದರಿಂದ ಸಂಶೋಧನ ವಿದ್ಯಾರ್ಥಿಗಳ ಮುಂದೆ, ಅವರಿಗಿಂತ ಹೆಚ್ಚಾಗಿ ಮಾರ್ಗದರ್ಶಕರಾದ ನಮ್ಮ ಮುಂದೆ, ಕೆಲವು ಸೂಚನೆಗಳನ್ನು ಇಡಬಯಸುತ್ತೇನೆ. ವಿದ್ವಾಂಸರ ಹೆಸರು ಮೊದಲ ಬಾರಿಗೆ ಬಂದಾಗ ಪೂರ್ಣವಾಗಿ ಬರಲಿ. ಅನಂತರವೂ ಅದೇ ಅಡ್ಡಹೆಸರಿನ ಇನ್ನೊಬ್ಬರು ಪ್ರಬಂಧದಲ್ಲಿದ್ದರೆ ಮೊದಲಕ್ಷರಗಳನ್ನು ಬಿಡಬಾರದು. ಟೇಲರ್, ಟೈಲರ್ ಎಂಬಂಥ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ರೂಪವನ್ನು ಒಮ್ಮೆ ನಿಶ್ಚಯಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಬೇಕು. ಕನ್ನಡ ಅಧ್ಯಯನಕ್ಕೆ ಬೇಕಾದ ಪಾಶ್ಚಾತ್ಯ ಮತ್ತು ದೇಶೀಯ ವಿದ್ವಾಂಸರ ಹೆಸರು, ಜೀವಿತಕಾಲ, ಮುಖ್ಯ ಕೃತಿಗಳನ್ನೊಳಗೊಂಡ ನಾಮಸೂಚಿಯೊಂದನ್ನು ನಮ್ಮ ವಿಭಾಗವೇ ಸಿದ್ಧಪಡಿಸಬಹುದು. ಅದು ದೊಡ್ಡ ಯೋಜನೆಯೇನಲ್ಲ. ಒಂದು ತರಗತಿಯ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಎಲ್ಲಕ್ಕಿಂತ ಮೊದಲು, ಯಾರ ಗ್ರಂಥವನ್ನು ನೋಡಿಲ್ಲವೋ ಅವರನ್ನು ಉಲ್ಲೇಖಿಸದಿರುವ ನಿಷ್ಠೆ ಬೇಕು. ಗ್ರಂಥದ ಮುಖಪುಟವನ್ನಾದರೂ ಕಣ್ಣಾರೆ ಕಂಡವನು ಐಸಾಕನನ್ನು ಆರ್ಚರನೆಂದು ಬರೆಯಲಾರ. 'ಯಾವ ಟೇಲರ್' ಎಂಬ ಪ್ರಶ್ನೆಗೆ ಉತ್ತರವಿಲ್ಲದಾಗ ಬಯಲಾಗುವುದು ಹೆಸರಿನ ಗೊಂದಲ ಮಾತ್ರವಲ್ಲ, ಓದದೆ ಎರವಲು ತಂದ ಉಲ್ಲೇಖವೂ ಹೌದು.

ಕರ್ನಾಟಕದ ಹೊರಗೆ, ತೆಲುಗು, ಉರ್ದು, ಮರಾಠಿಗಳ ನಡುವೆ ಕನ್ನಡವನ್ನು ಓದಿಸಿಕೊಂಡು ಬಂದ ವಿಭಾಗ ನಮ್ಮದು. ಇಲ್ಲಿಗೆ ಬರುವ ವಿದ್ಯಾರ್ಥಿಗಳ ಹಾಜರಿ ಪಟ್ಟಿಯಲ್ಲಿ ಒಂದೇ ಅಡ್ಡಹೆಸರಿನವರು, ಕೆಲವೊಮ್ಮೆ ಒಂದೇ ಹೆಸರಿನವರು, ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರನ್ನು ನಾವು ಊರಿನಿಂದಲೋ ತಂದೆಯ ಹೆಸರಿನಿಂದಲೋ ಬೇರೆಬೇರೆಯಾಗಿ ಗುರುತಿಸುತ್ತೇವೆ. ಒಬ್ಬರ ಅಂಕಗಳನ್ನು ಇನ್ನೊಬ್ಬರ ಹೆಸರಿನ ಮುಂದೆ ಬರೆದರೆ ಅದು ಅಪರಾಧವೆಂದು ನಮಗೆ ಗೊತ್ತು. ತೀರಿಹೋದ ವಿದ್ವಾಂಸರು ಬಂದು ತಮ್ಮ ಅಂಕಪಟ್ಟಿಯನ್ನು ಕೇಳಲಾರರು. ಅವರ ಪರವಾಗಿ ಕೇಳಬೇಕಾದವರು ನಾವು.

ಆ ಅಭ್ಯರ್ಥಿ ಅನಂತರ ಪ್ರಬಂಧವನ್ನು ತಿದ್ದಿ ತಂದ. ಗ್ರಂಥಸೂಚಿಯಲ್ಲಿ ಒಬ್ಬನೇ ಟೇಲರ್ ಇದ್ದೆಡೆಯಲ್ಲಿ ಈಗ ಮೂವರಿದ್ದರು. ನಾಲ್ಕನೆಯವರನ್ನು ಆತ ಕೈಬಿಟ್ಟಿದ್ದ. ಏಕೆಂದು ಕೇಳಿದರೆ, "ಅವರನ್ನು ನಾನು ಓದಿಲ್ಲ, ಸರ್" ಎಂದ. ಆ ಉತ್ತರಕ್ಕೆ ಪದವಿಯನ್ನು ಕೊಡಬಹುದೆನಿಸಿತು.